ಸಹಾಯ ಬೇಕು: ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ

ನಮಸ್ಕಾರ ರೀ. ನಾವು ಬಾಗಲಕೋಟೆ ನವನಗರದವರು. ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರ್ ದಿನಕ್ಕೆ ಹತ್ತು ಸಲ ತಾನೇ ಆಫ್ ಆಗಿ ಆನ್ ಆಗುತ್ತದೆ. ಫೈಬರ್ ಸಿಗ್ನಲ್ ಹೋದರೆ ಹೊತ್ತುವ ಎಲ್‌ಒಎಸ್ ದೀಪ ಕೆಂಪಾಗುವುದಿಲ್ಲ. ಅಂದರೆ ಫೈಬರ್ ಸರಿಯಿದೆ, ಅಲ್ವಾ? ಡಬ್ಬಿ ಮಾತ್ರ ರೊಟ್ಟಿ ಹಂಚಿನ ಹಾಗೆ ಸುಡುತ್ತದೆ. ವೈಫೈಯನ್ನು 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಹಾಕಿದೆ, ಲ್ಯಾನ್ ವೈರ್ ಹಚ್ಚಿ ನೋಡಿದೆ, ಅದೇ ಕತೆ. ಕಸ್ಟಮರ್ ಕೇರ್‌ನವರದು ಒಂದೇ ಮಾತು: ‘ರೀಸ್ಟಾರ್ಟ್ ಮಾಡಿ ಸರ್.’ ಅದನ್ನು ಅದು ತಾನೇ ಮಾಡಿಕೊಳ್ಳುತ್ತಿದೆಯಲ್ಲ ರೀ! ರಿಪೇರಿ ಹುಡುಗ ಬಂದಾಗ ಮಾತ್ರ ಒಳ್ಳೆ ಮಗುವಿನಂತೆ ಕೂತಿರುತ್ತದೆ.

ನನಗೆ 12 ವೋಲ್ಟ್ ಅಡಾಪ್ಟರ್ ಮೇಲೇ ಜಾಸ್ತಿ ಅನುಮಾನ. ಅದೊಂದನ್ನೇ ಬದಲಿಸಿ ಸರಿಯಾದವರು ಇದ್ದೀರಾ? ಇಲ್ಲದಿದ್ದರೆ ಇದನ್ನು ಬ್ರಿಜ್ ಮೋಡ್‌ಗೆ (ಬರೀ ಸಿಗ್ನಲ್ ದಾಟಿಸುವ ಹಾಗೆ) ಹಾಕಿ ನಮ್ಮದೇ ರೂಟರ್ ಹಚ್ಚಬಹುದಾ? ಅದಕ್ಕೆ ಬೇಕಾದ ಪಾಸ್‌ವರ್ಡ್ ಕೇಳಿದರೆ ಕಂಪನಿಯವರು ಕೊಡುತ್ತಾರಾ?