420 ನ್ಯಾನೋಮೀಟರ್ ಫಿಲ್ಟರ್: ಕೊಟೇಶನ್ ರೇಟುಗಳಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಗಾಣದ_ಹೊಗೆ (ಮಹಾಲಿಂಗಪುರ)

ನಮಸ್ಕಾರ. ಬೆಲ್ಲದ ಬಣ್ಣ ಅಳೆಯುವ ಸಣ್ಣ ಮೀಟರ್ ಮಾಡುತ್ತಿದ್ದೇನೆ. ಬೆಲ್ಲವನ್ನು ನೀರಲ್ಲಿ ಕರಗಿಸಿ, ಸೋಸಿ, 1 ಸೆಂಮೀ ಕ್ಯುವೆಟ್‌ಗೆ (ಪುಟ್ಟ ಪಾರದರ್ಶಕ ಪಾತ್ರೆ) ಹಾಕಿ, 420 ನ್ಯಾನೋಮೀಟರ್‌ನಲ್ಲಿ ಎಷ್ಟು ಬೆಳಕು ಹೀರುತ್ತದೆ ಅಂತ ನೋಡುವುದು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಐಕಮ್ಸಾ (ಸಕ್ಕರೆ ಪರೀಕ್ಷೆಯ ಅಂತರರಾಷ್ಟ್ರೀಯ ಪದ್ಧತಿ) ಬಣ್ಣ ತೆಗೆಯುವುದೂ 420ರಲ್ಲೇ. ಅದಕ್ಕೇ ಆ ನಂಬರ್ ಹಿಡಿದೆ. ಹ್ಯಾಲೋಜನ್ ಬಲ್ಬು, ಸಿಲಿಕಾನ್ ಫೋಟೋಡಯೋಡ್, ನಡುವೆ ಕ್ಯುವೆಟ್ ಮತ್ತು 420ರ ಆಸುಪಾಸಿನ ಬೆಳಕನ್ನು ಮಾತ್ರ ಬಿಡಬೇಕಾದ ಫಿಲ್ಟರ್.

ಸ್ಯಾಂಪಲ್‌ಗೆ ತರಿಸಿದ ಫಿಲ್ಟರ್ ತಿಳಿ ದ್ರಾವಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ದ್ರಾವಣ ಗಟ್ಟಿಯಾದರೆ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) 1.3ರ ಹತ್ತಿರ ಹೋಗಿ ನಿಂತುಬಿಡುತ್ತದೆ. ಮೇಲೆ ಎಷ್ಟು ಬೆಲ್ಲ ಸುರಿದರೂ ಏಳುವುದಿಲ್ಲ. ಈಗ 10 ಪೀಸ್ ಬೇಕು. ಎನ್‌ಕ್ವೈರಿಯಲ್ಲಿ "420 ನ್ಯಾನೋಮೀಟರ್ ಬ್ಯಾಂಡ್‌ಪಾಸ್, 10 ನ್ಯಾನೋಮೀಟರ್ ಅಗಲ, 25 ಮಿಮೀ ವ್ಯಾಸ, ಫ್ಲ್ಯಾಟ್‌ನೆಸ್ ಲ್ಯಾಂಬ್ಡಾ ಬೈ 10" ಅಂತ ಬರೆದೆ. ಬಂದ ರೇಟುಗಳಲ್ಲಿ ಅತಿ ಕಡಿಮೆಗೂ ಅತಿ ಜಾಸ್ತಿಗೂ ಏಳು ಪಟ್ಟು ಅಂತರ. ಒಬ್ಬರಂತೂ ರೇಟೇ ಕೊಡದೆ ಪ್ರಶ್ನೆಗಳ ಪಟ್ಟಿ ಕಳಿಸಿದ್ದಾರೆ. ಯಾರನ್ನು ನಂಬಲಿ?

ಲೇತ್_ಮಾಸ್ತರ (ಉದ್ಯಮಬಾಗ, ಬೆಳಗಾವಿ)

ಫಿಲ್ಟರ್‌ಗೆ ಬೈಯುವ ಮೊದಲು ಹೋಲ್ಡರ್ ನೋಡಿ. 25 ಮಿಮೀ ಫಿಲ್ಟರನ್ನು 25.4ರ ಬೋರಿಗೆ ಕೂರಿಸಿದರೆ ಅಂಚಿನ ಸಂದಿಯಿಂದ ಬಿಳಿ ಬೆಳಕು ನೇರವಾಗಿ ಡಯೋಡಿಗೆ ಹೋಗುತ್ತದೆ. ಫಿಲ್ಟರ್ ಜಾಗದಲ್ಲಿ ಅದೇ ಸೈಜಿನ ಅಲ್ಯೂಮಿನಿಯಂ ಬಿಲ್ಲೆ ಇಟ್ಟು ಬಲ್ಬು ಹಚ್ಚಿ. ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ತಪ್ಪು ಗಾಜಿನದ್ದಲ್ಲ, ಡಬ್ಬಿಯದ್ದು.

ಗಾಣದ_ಹೊಗೆ

ಬಿಲ್ಲೆ ಇಟ್ಟು ನೋಡಿದೆ. ಸೊನ್ನೆಯೇ ಬಂತು. ಹೋಲ್ಡರ್‌ನಲ್ಲಿ ಸೋರಿಕೆ ಇಲ್ಲ.

ತರಂಗ_420 (ಬೆಳಗಾವಿ)

ಹಾಗಾದರೆ ಫಿಲ್ಟರ್ ಒಳಗಿಂದಲೇ ಸೋರುತ್ತಿದೆ. ಎಷ್ಟು ಅಂತ ನಿಮ್ಮ 1.3 ಹೇಳುತ್ತದೆ. ಅಬ್ಸಾರ್ಬೆನ್ಸ್ 1.3 ಅಂದರೆ ನೂರಕ್ಕೆ 5 ಭಾಗ ಬೆಳಕು. ಬರೀ ನೀರು ಇಟ್ಟಾಗ ಬರುವ ಸಿಗ್ನಲ್ ನೂರು ಅಂದುಕೊಂಡರೆ ಅದರಲ್ಲಿ 5 ಭಾಗ 420ದ್ದು ಅಲ್ಲವೇ ಅಲ್ಲ. ಅದು ಕೆಂಪು ಮತ್ತು ಇನ್‌ಫ್ರಾರೆಡ್. ಬೆಲ್ಲದ ನೀರು ನೀಲಿಯನ್ನು ಹೀರುತ್ತದೆ, ಇನ್‌ಫ್ರಾರೆಡ್ಡನ್ನು ಹಾಗೇ ಬಿಡುತ್ತದೆ. ಆದ್ದರಿಂದ ಆ 5 ಎಂದೂ ಕಡಿಮೆ ಆಗುವುದಿಲ್ಲ. ನಿಜವಾದ ಅಬ್ಸಾರ್ಬೆನ್ಸ್ 1 ಇದ್ದಾಗ ನಿಮ್ಮ ಮೀಟರ್ 0.84 ತೋರಿಸುತ್ತದೆ. 2 ಇದ್ದಾಗ 1.23. ಅಂದರೆ ಮಧ್ಯದ ರೀಡಿಂಗುಗಳೂ ಸುಳ್ಳೇ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಖಾತ್ರಿ ಮಾಡಿಕೊಳ್ಳಬೇಕಾದರೆ ಬಲ್ಬು ಆರಿಸಿ, ಫಿಲ್ಟರ್ ಎದುರು ಟಿವಿ ರಿಮೋಟ್ ಹಿಡಿದು ಗುಂಡಿ ಒತ್ತಿ. ರಿಮೋಟ್ ಬೆಳಕು ಸಾಮಾನ್ಯವಾಗಿ 940 ನ್ಯಾನೋಮೀಟರ್. ರೀಡಿಂಗ್ ಅಲ್ಲಾಡಿದರೆ ಸಾಕ್ಷಿ ಸಿಕ್ಕಿತು. ಅಲ್ಲಾಡದಿದ್ದರೂ ಪೂರ್ತಿ ನಿರಪರಾಧಿ ಅಂತಲ್ಲ, ಬೇರೆ ಕಡೆ ಸೋರುತ್ತಿರಬಹುದು.

ಇನ್ನು ನಿಮ್ಮ ಎನ್‌ಕ್ವೈರಿ. ಏನು ಒಳಗೆ ಬಿಡಬೇಕು ಅಂತ ಬರೆದಿದ್ದೀರಿ. ಏನನ್ನು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ತಡೆಯಬೇಕು ಅಂತ ಒಂದಕ್ಷರವೂ ಇಲ್ಲ. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ, ಓಡಿಯಲ್ಲಿ ಬರೆಯುತ್ತಾರೆ. ಓಡಿ 3 ಅಂದರೆ ಸಾವಿರದಲ್ಲಿ ಒಂದು ಭಾಗ ಸೋರಿಕೆ, ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು. ಏಳು ಪಟ್ಟು ವ್ಯತ್ಯಾಸದ ದೊಡ್ಡ ಪಾಲು ಇಲ್ಲೇ ಇರುತ್ತದೆ. ಒಬ್ಬರು 700 ನ್ಯಾನೋಮೀಟರ್‌ವರೆಗೆ ತಡೆಯುವುದಕ್ಕೆ ರೇಟು ಹಾಕಿರುತ್ತಾರೆ, ಇನ್ನೊಬ್ಬರು 1200ರವರೆಗೆ. ಇಬ್ಬರದ್ದೂ "420-10" ಫಿಲ್ಟರೇ. ಪ್ರಶ್ನೆಪಟ್ಟಿ ಕಳಿಸಿದವರಿಗೆ ಮೊದಲು ಉತ್ತರ ಕೊಡಿ, ನನ್ನ ಪ್ರಕಾರ ಅವರೇ ಕೆಲಸ ಗೊತ್ತಿರುವವರು.

ಗಾಣದ_ಹೊಗೆ

ಅಂದರೆ ಸ್ಯಾಂಪಲ್ ಕೊಟ್ಟವರು ಮೋಸ ಮಾಡಿದರು ಅಂತಲಾ? ಓಡಿ 4 ಅಂತ ಬರೆದು ಕೇಳಿದರೆ ಸಾಕಾ?

ತರಂಗ_420

ಮೋಸ ಅಂತ ಹೇಳುವುದಿಲ್ಲ. ಲೆಕ್ಕ ನೋಡಿ. ಹ್ಯಾಲೋಜನ್ ಬಲ್ಬಿನ ಬೆಳಕು ಹೆಚ್ಚಾಗಿ ಇರುವುದೇ ಇನ್‌ಫ್ರಾರೆಡ್‌ನಲ್ಲಿ. ಸಿಲಿಕಾನ್ ಡಯೋಡ್ ಅತಿ ಚುರುಕಾಗಿರುವುದೂ 900ರ ಆಸುಪಾಸು. 1100ರವರೆಗೂ ಅದಕ್ಕೆ ಕಣ್ಣಿದೆ. 420ರ ಹತ್ತಿರ ಬಲ್ಬೂ ಮಂಕು, ಡಯೋಡೂ ಮಂಕು. ಫಿಲ್ಟರೇ ಇಲ್ಲದೆ ಅಳೆದರೆ, 420ರ ಹತ್ತು ನ್ಯಾನೋಮೀಟರ್ ಪಟ್ಟಿಯಿಂದ ಬರುವ ಕರೆಂಟಿಗಿಂತ ಉಳಿದ ಬೆಳಕಿನಿಂದ ಬರುವ ಕರೆಂಟು ಸಾವಿರ ಪಟ್ಟಿಗೂ ಜಾಸ್ತಿ. ಸಾವಿರ ಅಂತಲೇ ಹಿಡಿಯೋಣ. ಎಲ್ಲ ಕಡೆ ಸರಿಯಾಗಿ ಓಡಿ 4 ಇದ್ದರೆ ಸೋರಿಕೆ 420ರ ಸಿಗ್ನಲ್ಲಿನ ಹತ್ತನೇ ಒಂದು ಭಾಗ. ಫಿಲ್ಟರ್ 420ನ್ನೂ ಅರ್ಧವೇ ಬಿಟ್ಟರೆ ಐದನೇ ಒಂದು ಭಾಗ! ನಿಮಗೆ 5 ಶೇಕಡಾ ಬಂದಿದೆ ಅಂದರೆ ಆ ಫಿಲ್ಟರ್ ಓಡಿ 4ಕ್ಕಿಂತ ಚೆನ್ನಾಗಿದೆ ಅಂತ ಅರ್ಥ.

ಈ ಬಲ್ಬನ್ನೇ ಇಟ್ಟುಕೊಂಡರೆ 200ರಿಂದ 1200ರವರೆಗೆ ಓಡಿ 6 ಕೇಳಬೇಕು. ದುಬಾರಿ ಕೊಟೇಶನ್ ಬಹುಶಃ ಅದೇ. ನಾನಾಗಿದ್ದರೆ ಬಲ್ಬು ಕಿತ್ತು 420ರ ಎಲ್‌ಇಡಿ ಹಾಕುತ್ತಿದ್ದೆ. ಅದರ ಬೆಳಕೇ ಸುಮಾರು 15 ನ್ಯಾನೋಮೀಟರ್ ಅಗಲ. ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಆಗ ಕ್ಯಾಟಲಾಗಿನಲ್ಲಿ ರೆಡಿ ಸಿಗುವ ಸಾಧಾರಣ ಓಡಿ 4 ಫಿಲ್ಟರೇ ಧಾರಾಳ.

ಗಾಣದ_ಹೊಗೆ

ಎಲ್‌ಇಡಿ ಹಾಕಿದ ಮೇಲೆ ಫಿಲ್ಟರ್ ಯಾಕೆ? ಅದನ್ನೂ ಬಿಟ್ಟರೆ ದುಡ್ಡು ಉಳಿಯುತ್ತದಲ್ವಾ?

ತರಂಗ_420

ಒಂದೇ ಮೀಟರ್ ಆಗಿದ್ದರೆ ಬಿಡಿ ಅನ್ನುತ್ತಿದ್ದೆ. ನೀವು ಹತ್ತು ಮಾಡುತ್ತಿದ್ದೀರಿ. ಒಂದೇ ಮಾಡೆಲಿನ ಎಲ್‌ಇಡಿಗಳಲ್ಲೂ ಒಂದು 416 ಇರಬಹುದು, ಇನ್ನೊಂದು 424. ಬಿಸಿಯಾದಂತೆ ಇನ್ನೂ ಸರಿಯುತ್ತದೆ, ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಬೆಲ್ಲದ ಬಣ್ಣ 420ರ ಹತ್ತಿರ ಇಳಿಜಾರಿನಲ್ಲಿದೆ, ಸ್ವಲ್ಪ ಸರಿದರೂ ರೀಡಿಂಗ್ ಬದಲಾಗುತ್ತದೆ. ಫಿಲ್ಟರ್ ಇದ್ದರೆ ಹತ್ತೂ ಮೀಟರ್ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ.

ಮತ್ತೆ ಆ ಲ್ಯಾಂಬ್ಡಾ ಬೈ 10 (ಮೇಲ್ಮೈ ಏರಿಳಿತ ಬೆಳಕಿನ ತರಂಗಾಂತರದ ಹತ್ತನೇ ಒಂದು ಭಾಗದೊಳಗೆ ಇರಬೇಕು ಅನ್ನುವ ಷರತ್ತು) ತೆಗೆದುಹಾಕಿ. ಅದು ಬೇಕಾಗುವುದು ಲೇಸರ್, ಇಂಟರ್‌ಫೆರೋಮೀಟರ್, ಒಳ್ಳೆ ಚಿತ್ರ ಬೇಕಾದ ಕಡೆ. ಬೆಳಕನ್ನು ಸುಮ್ನೆ ಒಂದು ಡಯೋಡಿಗೆ ತುಂಬುವವರಿಗೆ ಅದು ದಂಡ. ಮೇಲ್ಮೈಗೆ 60-40 ಸ್ಕ್ರ್ಯಾಚ್-ಡಿಗ್ (ಗೀರು, ಕುಳಿಗಳ ಮಿತಿ) ಸಾಕು, 80-50 ಇದ್ದರೂ ನಡೆಯುತ್ತದೆ. ನಿಮ್ಮ ಬೆಳಕಿನ ಕಿರಣದ ವ್ಯಾಸ ಎಷ್ಟು?

ಗಾಣದ_ಹೊಗೆ

ಸುಮಾರು 6 ಮಿಮೀ.

ಲೇತ್_ಮಾಸ್ತರ

ಹಾಗಿದ್ದರೆ 25 ಮಿಮೀ ಯಾಕ್ರೀ? 12.5ರದ್ದು ತಗೊಳ್ಳಿ. ಡ್ರಾಯಿಂಗಿನಲ್ಲಿ ವ್ಯಾಸ 12.5, ಪ್ಲಸ್ 0, ಮೈನಸ್ 0.2 ಅಂತ ಬರೆಯಿರಿ. ಪ್ಲಸ್‌ಗೆ ಬಿಟ್ಟರೆ ಒಂದು ಕೂರುತ್ತದೆ, ಇನ್ನೊಂದು ಬೋರಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪಕ್ಕೂ ಗರಿಷ್ಠ ಮಿತಿ ಹಾಕಿ. ಗ್ರಬ್ ಸ್ಕ್ರೂ ಬೇಡ, ಅಂಚು ಚೂರಾಗುತ್ತದೆ. ಮೇಲೆ ಓ-ರಿಂಗ್ ಇಟ್ಟು ಮುಚ್ಚಳ ತಿರುಗಿಸಿದರೆ ಸಾಕು.

ಗಾಣದ_ಹೊಗೆ

ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ, ತಿದ್ದಿ:

"ಬಳಕೆ: ಬೆಲ್ಲ, ಸಕ್ಕರೆ ದ್ರಾವಣದ ಫೋಟೋಮೀಟರ್. ಬೆಳಕು 420 ನ್ಯಾನೋಮೀಟರ್ ಎಲ್‌ಇಡಿ, ಡಿಟೆಕ್ಟರ್ ಸಿಲಿಕಾನ್ ಫೋಟೋಡಯೋಡ್. ಮಧ್ಯ ತರಂಗಾಂತರ 420, ಹೆಚ್ಚುಕಡಿಮೆ 2. ಅರ್ಧ ಎತ್ತರದಲ್ಲಿ ಅಗಲ 10, ಹೆಚ್ಚುಕಡಿಮೆ 2. ಬ್ಲಾಕಿಂಗ್ ಓಡಿ 4, 200ರಿಂದ 1100ರವರೆಗೆ. ವ್ಯಾಸ 12.5 ಮಿಮೀ, ಪ್ಲಸ್ 0, ಮೈನಸ್ 0.2. ದಪ್ಪ ಗರಿಷ್ಠ 5 ಮಿಮೀ. ಬಳಸುವ ಭಾಗ ಕನಿಷ್ಠ 8 ಮಿಮೀ. ಕಿರಣ ನೇರ. 10 ಪೀಸ್."

ತರಂಗ_420

ಚೆನ್ನಾಗಿದೆ. "ಕಿರಣ ನೇರ" ಅಂತ ಬಿಡಬೇಡಿ. ಕೋನ 0 ಡಿಗ್ರಿ, ಹರಡುವಿಕೆ ಎರಡೂ ಕಡೆ 5 ಡಿಗ್ರಿಯೊಳಗೆ ಅಂತ ಬರೆಯಿರಿ. ಇಂಥ ಫಿಲ್ಟರ್ ವಾಲಿದರೆ ಪಟ್ಟಿ ನೀಲಿ ಕಡೆ ಜಾರುತ್ತದೆ. ಗಾಜಿನ ಮೇಲಿನ ಕೋಟಿಂಗಿನ ಸರಾಸರಿ ವಕ್ರೀಭವನಾಂಕ 2 ಅಂತ ಹಿಡಿದರೆ 15 ಡಿಗ್ರಿಗೆ 420 ಹೋಗಿ 416.5 ಆಗುತ್ತದೆ. ಹಾರ್ಡ್ ಕೋಟಿಂಗ್ ಅಂತಲೂ ಸೇರಿಸಿ. ಹಳೇ ಪದ್ಧತಿಯ ಮೆತ್ತನೆ ಕೋಟಿಂಗಿಗೆ ಗಾಣದ ಹಬೆ ಆಗಿಬರುವುದಿಲ್ಲ, ಅಂಚಿನಿಂದ ತೇವ ಏರುತ್ತದೆ. 420ರಲ್ಲಿ ಕನಿಷ್ಠ ಎಷ್ಟು ಬೆಳಕು ಬಿಡಬೇಕು ಅಂತಲೂ ಹೇಳಿ, 45 ಶೇಕಡಾ ಅಂದರೆ ಯಾರಿಗೂ ತೊಂದರೆ ಇಲ್ಲ.

ರೇಟನ್ನು 1, 10, 50 ಪೀಸಿಗೆ ಬೇರೆ ಬೇರೆ ಕೇಳಿ. ಕ್ಯಾಟಲಾಗಿನಲ್ಲಿ ಹತ್ತಿರದ್ದು ಇದ್ದರೆ ಅದನ್ನೇ ಕೊಡಿ, ಎಲ್ಲಿ ವ್ಯತ್ಯಾಸ ಇದೆ ಅಂತ ತಿಳಿಸಿ ಅನ್ನಿ. ಹೊಸದಾಗಿ ಕೋಟಿಂಗ್ ಮಾಡಿಸಿದರೆ ಚೇಂಬರ್ ಒಂದು ಸಲ ಓಡಿಸಿದ ಖರ್ಚು ಪೂರ್ತಿ ನಿಮ್ಮ ತಲೆಗೇ. ಅಳತೆ ಮಾಡಿದ ಗ್ರಾಫ್ ಕೇಳಿ, ಅದೂ 1100ರವರೆಗೆ. 380ರಿಂದ 460ರವರೆಗಿನ ಚೆಂದದ ಗುಡ್ಡದ ಚಿತ್ರ ನಿಮ್ಮ ಕೆಲಸಕ್ಕೆ ಬಾರದು. ಹೊರದೇಶದ್ದಾದರೆ ಸಾಗಣೆ, ಸುಂಕ ರೇಟಿನಲ್ಲಿ ಸೇರಿದೆಯೇ ಅಂತ ಸ್ಪಷ್ಟ ಮಾಡಿಕೊಳ್ಳಿ. ರಿಂಗಿನಲ್ಲಿ ಕೂರಿಸಿದ ಫಿಲ್ಟರ್ ಎಚ್‌ಎಸ್‌ಎನ್ (ಸುಂಕ, ತೆರಿಗೆಗೆ ಸರಕು ಗುರುತಿಸುವ ಕೋಡ್) 9002ರಲ್ಲಿ ಬರುತ್ತದೆ, ಬರೀ ಗಾಜು 9001ರಲ್ಲಿ.

ಒಂದು ಮಾತು ಬೇರೆ. ಬೆಲ್ಲದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಾಲದು. ಮಡ್ಡಿ ಬೆಳಕನ್ನು ಚದುರಿಸಿ ಬಣ್ಣ ಜಾಸ್ತಿ ಅಂತ ತೋರಿಸುತ್ತದೆ. 0.45 ಮೈಕ್ರಾನ್ ಮೆಂಬ್ರೇನ್ ಬಳಸಿ, ಪಿಎಚ್ 7ಕ್ಕೆ ತನ್ನಿ. ಹೈಡ್ರೋಸ್ (ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕಿ ಹಳದಿ ಮಾಡಿದ ಬೆಲ್ಲಕ್ಕೂ ಈ ಮೀಟರ್ ಒಳ್ಳೆ ಮಾರ್ಕು ಕೊಡುತ್ತದೆ, ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.

ದ್ರಾಕ್ಷಿ_ಗೊಂಚಲು (ವಿಜಯಪುರ)

ನಡುವೆ ಬಾಯಿ ಹಾಕುತ್ತಿದ್ದೇನೆ. ಒಣದ್ರಾಕ್ಷಿ ಸಾರ್ಟಿಂಗ್ ಕ್ಯಾಮೆರಾಗೆ 850ರ ಫಿಲ್ಟರ್ ಹಾಕಿದ್ದೇವೆ, ಇದೂ 10 ನ್ಯಾನೋಮೀಟರ್ ಅಗಲದ್ದು. ಚಿತ್ರದ ನಡುವೆ ಬೆಳಕಿದೆ, ಅಂಚುಗಳೆಲ್ಲ ಕತ್ತಲೆ. ಲೈಟು ಹೆಚ್ಚಿಸಿದರೂ ಅಷ್ಟೇ. ಇದೂ ಬ್ಲಾಕಿಂಗ್ ಸಮಸ್ಯೆಯಾ?

ತರಂಗ_420

ಅಲ್ಲ, ಇದು ಕೋನದ್ದು. ವೈಡ್ ಲೆನ್ಸಿನ ಮುಂದೆ ಫಿಲ್ಟರ್ ಹಾಕಿದ್ದೀರಿ ಅನ್ನಿಸುತ್ತದೆ. ಅಂಚಿನ ಬೆಳಕು 30 ಡಿಗ್ರಿಯಲ್ಲಿ ಬಂದರೆ ಅದೇ ಲೆಕ್ಕದಲ್ಲಿ 850ರ ಪಟ್ಟಿ 823ಕ್ಕೆ ಜಾರಿರುತ್ತದೆ. ನಿಮ್ಮ ಎಲ್‌ಇಡಿಯ ಬೆಳಕು ಅಲ್ಲಿ ತೀರಾ ಕಡಿಮೆ. 60 ನ್ಯಾನೋಮೀಟರ್ ಅಗಲದ್ದು, ಮಧ್ಯ 860ರ ಹತ್ತಿರ ಇರುವುದಕ್ಕೆ ರೇಟು ಕೇಳಿ. ಎನ್‌ಕ್ವೈರಿಯಲ್ಲಿ ಲೆನ್ಸಿನ ಫೋಕಲ್ ಲೆಂತ್, ಸೆನ್ಸರ್ ಸೈಜು, ಫಿಲ್ಟರ್ ಲೆನ್ಸಿನ ಮುಂದೋ ಹಿಂದೋ, ಈ ಮೂರನ್ನೂ ಬರೆಯಿರಿ. ಇಲ್ಲಿಯೂ ಹಾಕಿ, ಕೋನ ಲೆಕ್ಕ ಮಾಡಿ ಹೇಳುತ್ತೇನೆ.