ಬಜ್ಪೆಯಿಂದ ಟೊರೊಂಟೊ: ಅಪ್ಪ-ಅಮ್ಮನನ್ನು ಯಾವ ದಾರಿಯಲ್ಲಿ ಕಳಿಸುವುದು?

ಬ್ರಹ್ಮಾವರದವಳು: ಅಕ್ಕನ ಬಾಣಂತನಕ್ಕೆ ಅಪ್ಪ-ಅಮ್ಮ ಜೂನ್‌ನಲ್ಲಿ ಟೊರೊಂಟೊಗೆ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ, ಅಪ್ಪನಿಗೆ ಮಂಡಿನೋವು ಬೇರೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದೂರ ಎಷ್ಟು, ಎಷ್ಟು ಗಂಟೆ ಆಗ್ತದೆ? ಬೆಂಗಳೂರಾ, ಅಬುಧಾಬಿಯಾ?

ಕಟಪಾಡಿಯ ಸೊಸೆ: ಅಬುಧಾಬಿಯೇ. ನೇರ ಅಳೆದರೆ ಟೊರೊಂಟೊ ಸುಮಾರು 13,200 ಕಿ.ಮೀ. ಬಜ್ಪೆಯಿಂದ ಅಬುಧಾಬಿ 2,500, ಅಲ್ಲಿಂದ ಮುಂದೆ 11,100. ಸುತ್ತು ಬರೇ 400! ಮೊದಲಿನದ್ದು ಹೆಚ್ಚುಕಡಿಮೆ ನಾಲ್ಕು ಗಂಟೆ, ಎರಡನೆಯದ್ದು ಹದಿನಾಲ್ಕು. ನನ್ನ ಅತ್ತೆ-ಮಾವ ಹೋದದ್ದು ಹೀಗೇ. ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ, ವೀಸಾ ಮಾಡಿಸಿ ಮನೆಗೆ ಕರ್ಕೊಂಡು ಹೋದ. ಗಂಜಿ ಉಂಡು, ಮಲಗಿ ಎದ್ದು ಮುಂದಿನ ವಿಮಾನ ಹತ್ತಿದರು. ಅತ್ತೆಯ ಕಾಲು ಊದಲೇ ಇಲ್ಲ.

ಕೊಡಿಯಾಲ್‌ಬೈಲ್: ಎಲ್ಲರಿಗೂ ಅಬುಧಾಬಿಯಲ್ಲಿ ತಮ್ಮ ಇರುವುದಿಲ್ಲ ಅಕ್ಕ. ಎರಡು ಟಿಕೆಟ್ ಬೇರೆ ಬೇರೆ ಆದರೆ ಬ್ಯಾಗ್ ತೆಗೆಯಲಿಕ್ಕೇ ಹೊರಗೆ ಬರಬೇಕು, ಅದಕ್ಕೆ ವೀಸಾ. ನಮ್ಮದು ಬೆಂಗಳೂರು ಮೇಲೆ. ಏಜೆಂಟ್ ಅಗ್ಗ ಅಂತ ಹೇಳಿ ಬಜ್ಪೆ-ಬೆಂಗಳೂರು ಬೇರೆ ಟಿಕೆಟ್ ಹಾಕಿದ. ಮುಂದಿನ ಟಿಕೆಟ್‌ನಲ್ಲಿ ಒಬ್ಬರಿಗೆ 23 ಕೆ.ಜಿ.ಯ ಎರಡು ಬ್ಯಾಗ್, ಬಜ್ಪೆ-ಬೆಂಗಳೂರಿಗೆ ಬಿಡುವುದು ಒಬ್ಬರಿಗೆ 15 ಕೆ.ಜಿ. ಕುಚ್ಚಲಕ್ಕಿ, ಲೇಹ್ಯ, ತೆಂಗಿನೆಣ್ಣೆ ಎಲ್ಲ ಸೇರಿ ಇಬ್ಬರದ್ದು 62 ಕೆ.ಜಿ. ಹೆಚ್ಚು. ಕೆ.ಜಿ.ಗೆ 600ರ ಹಾಗೆ 37,200 ರೂಪಾಯಿ ಕೌಂಟರಿನಲ್ಲೇ ಕಟ್ಟಿಸಿಕೊಂಡರು. ಮೇಲಿಂದ ಮಳೆ, ಮೋಡ. ಬರಬೇಕಾದ ವಿಮಾನ ಬಜ್ಪೆಯಲ್ಲಿ ಇಳಿಯಲಾಗದೆ ಹಿಂದೆ ಹೋಯಿತು, ಬೆಂಗಳೂರಿನದ್ದು ತಪ್ಪಿತು. ಎರಡು ಟಿಕೆಟ್‌ಗೂ ಪಿಎನ್‌ಆರ್ (ಬುಕಿಂಗ್ ನಂಬರ್) ಬೇರೆ, ಹಾಗಾಗಿ ಒಂದು ಪೈಸೆ ವಾಪಸಿಲ್ಲ. ಹೊಸ ಟಿಕೆಟ್‌ಗೆ 1,84,000. ಆ ಏಜೆಂಟ್ ಈಗ ಫೋನೂ ಎತ್ತುವುದಿಲ್ಲ.

ಮಣಿಪಾಲದ ಮಾಸ್ಟ್ರು: ಅದಕ್ಕೇ ನಾನು ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಹೋದದ್ದು. ತೂಕ ಕೇಳುವವರಿಲ್ಲ. ಬೆಂಗಳೂರಿನಿಂದ ಲಂಡನ್ 8,000 ಕಿ.ಮೀ., ಲಂಡನ್‌ನಿಂದ ಟೊರೊಂಟೊ 5,700. ಒಟ್ಟು ದೂರ ಜಾಸ್ತಿ, ಆದರೆ ಹದಿನಾಲ್ಕು ಗಂಟೆ ಒಂದೇ ಸೀಟಿನಲ್ಲಿ ಕೂರಬೇಕಾಗಿಲ್ಲ.

ಕೊಡಿಯಾಲ್‌ಬೈಲ್: ಮಳೆಗಾಲದಲ್ಲಿ ಶಿರಾಡಿ ಘಾಟಿ ನಂಬುವುದಾ ಮಾಸ್ಟ್ರೆ? 2024ರ ಜುಲೈಯಲ್ಲಿ ಅದೇ ಘಟ್ಟದ ಎಡಕುಮೇರಿ ಹತ್ತಿರ ಗುಡ್ಡ ಜಾರಿ ರೈಲೇ ನಿಂತಿತ್ತು. ಮಂಡಿನೋವಿನವರನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಲಿಕ್ಕೆ ಹೇಳ್ತೀರಲ್ಲ!

ಮಣಿಪಾಲದ ಮಾಸ್ಟ್ರು: ನಾನು ಹೋಗಿ ಬಂದವನು, ಓದಿ ಹೇಳುವವನಲ್ಲ. ಹಿಂದಿನ ದಿನವೇ ಹೊರಟು ಒಂದು ರಾತ್ರಿ ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರ ಉಳಿದರೆ ಘಾಟಿ ಮುಚ್ಚಿದರೂ ಸುತ್ತಿಬರಲು ಸಮಯ ಉಂಟು. ರೂಮಿಗೆ 2,800 ಕೊಟ್ಟೆ. ನಿಮ್ಮ 37,200ರ ಮುಂದೆ ಅದೆಂತ?

ಕಿನ್ನಿಗೋಳಿ: ಬಜ್ಪೆಯಿಂದಲೇ ದೊಡ್ಡ ವಿಮಾನ ಬಿಟ್ಟಿದ್ದರೆ ಈ ಪಾಡು ಯಾರಿಗೂ ಇರ್ತಿರಲಿಲ್ಲ. ನಮ್ಮನ್ನು ಕೇಳುವವರೇ ಇಲ್ಲ.

ಕಟಪಾಡಿಯ ಸೊಸೆ: ಗುಡ್ಡದ ತುದಿಯಲ್ಲಿ 2,450 ಮೀಟರ್ ರನ್‌ವೇ. ಅಷ್ಟು ದೂರಕ್ಕೆ ಇಂಧನ ತುಂಬಿದ ವಿಮಾನ ಅಲ್ಲಿಂದ ಏಳುವುದು ಹೇಗೆ? 2010ರ ಮೇ 22ಕ್ಕೆ ಅಲ್ಲೇ ವಿಮಾನ ರನ್‌ವೇ ದಾಟಿ ಬಿದ್ದು 158 ಜನ ಹೋದದ್ದು ಮರೆತುಹೋಯಿತಾ?

ಕಿನ್ನಿಗೋಳಿ: ಮರೆಯಲಿಲ್ಲ ಅಕ್ಕ. ಅದಕ್ಕೇ ರನ್‌ವೇ ಉದ್ದ ಮಾಡಿ ಅಂತ ಕೇಳುವುದು.

ಕಟಪಾಡಿಯ ಸೊಸೆ: ಅದನ್ನು ಬೇರೆ ಕಡೆ ಕೇಳಿ. ತಂಗೀ, ಯಾವ ದಾರಿಯಾದರೂ ಟಿಕೆಟ್ ಮಾಡುವಾಗಲೇ ಅಪ್ಪನಿಗೆ ವೀಲ್‌ಚೇರ್ ಬರೆಸು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.