ತೆಳು ಹಿತ್ತಾಳೆ ಕೊಳವೆಯ ಕುತ್ತಿಗೆ ಟರ್ನಿಂಗ್ ಮಾಡಿದಾಗ ಗೋಡೆ ಒಂದೇ ದಪ್ಪಕ್ಕೆ ಬರುತ್ತಿಲ್ಲ

ಪ್ರಶ್ನೆ (ಲೇತ್ ಕೆಲಸ, ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಶುರುವಾಗುವುದರಿಂದ, ಸವೆದ ರಾಕರ್ ಸ್ಪ್ರೇಯರ್‌ಗಳ ಹಿತ್ತಾಳೆ ಕೊಳವೆಗಳು ಈ ದಿನಗಳಲ್ಲಿ ನನ್ನ ಶೆಡ್ಡಿಗೆ ಒಂದರ ಹಿಂದೊಂದು ಬರುತ್ತವೆ. ಹೊಸ ಕೊಳವೆಯ ಹೊರ ವ್ಯಾಸ 40 ಮಿ.ಮೀ., ಬೋರು (ಒಳ ರಂಧ್ರದ ವ್ಯಾಸ) 38, ಅಂದರೆ ಗೋಡೆ 1 ಮಿ.ಮೀ. ಇದರ ಒಂದು ತುದಿಯಲ್ಲಿ 25 ಮಿ.ಮೀ. ಉದ್ದದಷ್ಟು ಕುತ್ತಿಗೆಯನ್ನು ಗೋಡೆ 0.80 ಉಳಿಯುವಂತೆ ಟರ್ನಿಂಗ್ ಮಾಡಿ (ಕೊಳವೆಯನ್ನು ತಿರುಗಿಸುತ್ತಾ ಟೂಲಿನಿಂದ ಹೊರಮೈ ಕತ್ತರಿಸಿ) ಇಳಿಸಬೇಕು. ಕೊಳವೆಯನ್ನು ಮೂರು ಜಾ ಚಕ್ಕಿನಲ್ಲಿ (ಮೂರು ದವಡೆಗಳ ಹಿಡಿಕೆ) ಹಿಡಿದು, ಇನ್ನೊಂದು ತುದಿಗೆ ಮರದ ಬೆಣೆ ಹೊಡೆದು, ಟೇಲ್‌ಸ್ಟಾಕ್ (ಎದುರು ತುದಿಯ ಆಸರೆ) ಕೊಟ್ಟು ಕೆಲಸ ಮಾಡುತ್ತಿದ್ದೇನೆ. ಮೈಕ್ರೋಮೀಟರಿನಲ್ಲಿ ಹೊರ ವ್ಯಾಸ ಎಲ್ಲಿ ಹಿಡಿದರೂ 39.60 ಸರಿಯಾಗಿ ತೋರಿಸುತ್ತದೆ. ಆದರೆ ಗೋಡೆಯನ್ನು ಅಳೆದರೆ ಒಂದು ಕಡೆ 0.86, ಎದುರು ಕಡೆ 0.74. ಕೆಲವದರಲ್ಲಿ ಕಟ್ ಕೊಡುವಾಗ ಕೊಳವೆ ಕೂಗುತ್ತದೆ, ಮೇಲ್ಮೈ ಅಲೆಅಲೆಯಾಗಿ ಬರುತ್ತದೆ. ಹನ್ನೊಂದರಲ್ಲಿ ಎರಡನ್ನು ಈಗಾಗಲೇ ಹಾಳು ಮಾಡಿದ್ದೇನೆ. ಟೂಲ್ ಬದಲಿಸಿ ನೋಡಿದೆ, ಸ್ಪಿಂಡಲ್ ಬೇರಿಂಗ್ ಬಿಗಿ ಮಾಡಿದೆ, ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಹಾಸನ)

ನೀವು ಕೊಟ್ಟ ಅಳತೆಯಲ್ಲೇ ಉತ್ತರವಿದೆ. ಹೊರ ವ್ಯಾಸ ಸರಿಯಿದ್ದು ಗೋಡೆ ಮಾತ್ರ 0.12 ವ್ಯತ್ಯಾಸವಾಗಿದೆ ಎಂದರೆ, ನಿಮ್ಮ ಲೇತ್ ದುಂಡಗೆ ಕತ್ತರಿಸುತ್ತಿದೆ, ಆದರೆ ಆ ದುಂಡಿನ ಕೇಂದ್ರ ಬೋರಿನ ಕೇಂದ್ರದ ಮೇಲೆ ಕುಳಿತಿಲ್ಲ. ಎರಡರ ನಡುವೆ 0.06 ಮಿ.ಮೀ. ಅಂತರವಿದೆ. ಚಕ್ಕಿನಿಂದ ತೆಗೆಯದೆ ಬೋರಿನ ಒಳಕ್ಕೆ ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಮುಟ್ಟಿಸಿ ಕೈಯಿಂದ ತಿರುಗಿಸಿ ನೋಡಿ, ಮುಳ್ಳು ಹೆಚ್ಚುಕಡಿಮೆ ಅದೇ 0.12 ಓಲಾಡುತ್ತದೆ. ಅಚ್ಚಿನ ಮೂಲಕ ಎಳೆದು ಮಾಡಿದ ಕೊಳವೆಯಲ್ಲಿ ಹೊರಮೈಗೂ ಬೋರಿಗೂ ಕೇಂದ್ರ ಒಂದೇ ಇರುತ್ತದೆಂದು ನಂಬುವಂತಿಲ್ಲ. ನೀವು ಹೊರಮೈಯನ್ನು ಹಿಡಿದಷ್ಟು ಕಾಲವೂ ಆ ಹಳೆಯ ವ್ಯತ್ಯಾಸವನ್ನೇ ಹೊಸ ಕುತ್ತಿಗೆಗೆ ನಕಲು ಮಾಡುತ್ತಿರುತ್ತೀರಿ.

ಕೆಲಸ ಬೋರಿನ ಮೇಲೆ ನಿಲ್ಲಬೇಕು. ಒಂದು ಎಂ.ಎಸ್. (ಮೆದು ಉಕ್ಕಿನ) ರಾಡನ್ನು ಚಕ್ಕಿನಲ್ಲಿ ಹಿಡಿದು ಅಲ್ಲೇ ಮ್ಯಾಂಡ್ರೆಲ್ (ಬೋರಿನೊಳಗೆ ಕೂರುವ ಆಧಾರ ದಂಡ) ಟರ್ನ್ ಮಾಡಿಕೊಳ್ಳಿ, ಎಲ್ಲ ಕೊಳವೆಗಳೂ ಮುಗಿಯುವವರೆಗೆ ಅದನ್ನು ಚಕ್ಕಿನಿಂದ ಬಿಚ್ಚಬೇಡಿ. ತೆಳು ಎಣ್ಣೆ ಸವರಿದಾಗ ಕೊಳವೆ ಕೈಯ ಒತ್ತಡಕ್ಕೆ ಜಾರಿ ಹೋಗಬೇಕು, ಆದರೆ ಅಲ್ಲಾಡಬಾರದು. ಹಿಂದೆ ಒಂದು ಮೆಟ್ಟಿಲು, ಮುಂದೆ ವಾಷರ್ ಮತ್ತು ನಟ್ ಇಟ್ಟು ಉದ್ದಕ್ಕೆ ಬಿಗಿ ಮಾಡಿ, ಸುತ್ತಲಿನಿಂದ ಹಿಸುಕಬೇಡಿ. ಕೊಳವೆಗಳ ಬೋರು ಒಂದೊಂದು ಒಂದೊಂದು ಅಳತೆಯಲ್ಲಿದ್ದರೆ ದೊಡ್ಡ ಬೋರಿನವನ್ನು ಮೊದಲು ಮುಗಿಸಿ, ನಂತರ ಮ್ಯಾಂಡ್ರೆಲನ್ನೇ ಒಂದು ಎಳೆ ಇಳಿಸಿಕೊಂಡು ಚಿಕ್ಕವನ್ನು ತೆಗೆದುಕೊಳ್ಳಿ. ನಾನು ಇದನ್ನು ತಿರುಗಾಮುರುಗಾ ಮಾಡಿ ಮೂರು ಮ್ಯಾಂಡ್ರೆಲ್ ದಂಡ ಮಾಡಿಕೊಂಡ ಮೇಲೆ ಕಲಿತೆ.

ಉತ್ತರ 2 (ನಿವೃತ್ತ ಐಟಿಐ ಬೋಧಕ, ಚಿಕ್ಕಮಗಳೂರು)

ಹಾಸನದವರು ಹೇಳಿದ್ದು ಸರಿ. ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮೂರು ಜಾಗಳು ತೆಳು ಕೊಳವೆಯನ್ನು ಮೂರು ಕಡೆ ಒಳಕ್ಕೆ ಅದುಮುತ್ತವೆ. ಆ ಸ್ಥಿತಿಯಲ್ಲಿ ದುಂಡಗೆ ಕತ್ತರಿಸಿದ್ದು ಚಕ್ ಸಡಿಲಿಸಿದ ಕೂಡಲೇ ಮೂರು ಉಬ್ಬುಗಳ ಆಕಾರ ತಾಳುತ್ತದೆ. ಎರಡೇ ಬಿಂದುಗಳಲ್ಲಿ ಮುಟ್ಟುವ ಮೈಕ್ರೋಮೀಟರಿಗೆ ಈ ದೋಷ ಕಾಣುವುದಿಲ್ಲ, ಏಕೆಂದರೆ ಪ್ರತಿಯೊಂದು ಉಬ್ಬಿನ ಎದುರಿಗೂ ಒಂದು ತಗ್ಗು ಇರುತ್ತದೆ. ಕೊಳವೆಯನ್ನು ವಿ-ಬ್ಲಾಕಿನ (V ಆಕಾರದ ತೋಡಿರುವ ಲೋಹದ ತುಂಡು) ಮೇಲಿಟ್ಟು, ಮೇಲಿನಿಂದ ಡಯಲ್ ಗೇಜ್ ಮುಟ್ಟಿಸಿ ನಿಧಾನವಾಗಿ ತಿರುಗಿಸಿದರೆ ಮುಳ್ಳು ಒಂದು ಸುತ್ತಿಗೆ ಮೂರು ಸಲ ಏರಿಳಿಯುವುದನ್ನು ಕಣ್ಣಾರೆ ನೋಡಬಹುದು. ನಿಮ್ಮ 39.60 ಎಂಬ ಅಂಕಿಯನ್ನು ಈ ಪರೀಕ್ಷೆ ಮಾಡುವವರೆಗೆ ನಂಬಬೇಡಿ.

ಕೂಗುವುದಕ್ಕೆ ಹೆಚ್ಚಾಗಿ ಟೂಲಿನ ಮೂತಿಯೇ ಕಾರಣ. ಮೂತಿಯ ದುಂಡು ದೊಡ್ಡದಾದಷ್ಟೂ ಗೋಡೆಯನ್ನು ಒಳಕ್ಕೆ ತಳ್ಳುವ ಬಲ ಹೆಚ್ಚುತ್ತದೆ. ಚಿಕ್ಕ ಮೂತಿಯ, ಹರಿತವಾದ ಟೂಲ್ ಬಳಸಿ. ಸೀಸ ಬೆರೆತ ಹಿತ್ತಾಳೆ ರಾಡಿಗೆ ಟಾಪ್ ರೇಕ್ (ಟೂಲಿನ ಮೇಲ್ಮುಖದ ಓರೆ) ಸೊನ್ನೆ ಇಡುವುದು ವಾಡಿಕೆ, ಇಲ್ಲವಾದರೆ ಟೂಲ್ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ಎಳೆದು ಮಾಡಿದ ಕೊಳವೆಯಲ್ಲಿ ಸಾಮಾನ್ಯವಾಗಿ ಸೀಸವಿರುವುದಿಲ್ಲ, ಚೂರು ಉದ್ದಕ್ಕೆ ದಾರದಂತೆ ಬರುತ್ತದೆ. ಇದಕ್ಕೆ ಸ್ವಲ್ಪ ರೇಕ್ ಕೊಟ್ಟರೆ ತೊಂದರೆಯಿಲ್ಲ. ಬಿಸಿ ಇರುವಾಗ ಅಳೆಯಬೇಡಿ. 40 ಮಿ.ಮೀ. ಹಿತ್ತಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದ ಮೇಲೆ ನಿಮ್ಮ ಅಳತೆ ಅಷ್ಟು ಕಡಿಮೆಯಾಗಿರುತ್ತದೆ.

ಉತ್ತರ 3 (ಕಾಫಿ ಬೆಳೆಗಾರ, ಮೂಡಿಗೆರೆ ಕಡೆ)

ನನಗೆ ಲೇತ್ ಗೊತ್ತಿಲ್ಲ, ಆದರೆ ಇಂಥ ಕೊಳವೆಯ ಕುತ್ತಿಗೆ ಒಂದೇ ಮಳೆಗಾಲದಲ್ಲಿ ಉದ್ದಕ್ಕೆ ಸೀಳಿಹೋದದ್ದನ್ನು ಕಂಡಿದ್ದೇನೆ. ಸ್ಪ್ರೇಯರನ್ನು ಯೂರಿಯಾ ಮೂಟೆಗಳ ಪಕ್ಕದಲ್ಲಿ, ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಇಟ್ಟಿದ್ದೆವು. ಎಲ್ಲೂ ಪೆಟ್ಟು ಬಿದ್ದ ಗುರುತಿರಲಿಲ್ಲ, ಕೂದಲೆಳೆಯಂಥ ಬಿರುಕು ಮಾತ್ರ. ಇದು ಹೊಸ ರೋಗವಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಕಾಡತೂಸುಗಳು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟಾಗ ಹೀಗೆಯೇ ಬಿರಿಯುತ್ತಿದ್ದವು. ಲಾಯದ ಅಮೋನಿಯಾ ಮತ್ತು ಹಿತ್ತಾಳೆಯೊಳಗೆ ಉಳಿದ ಎಳೆತ (ತಯಾರಿಸುವಾಗ ಲೋಹದಲ್ಲಿ ಉಳಿದುಕೊಂಡ ಬಿಗಿತ), ಇವೆರಡೂ ಸೇರಿ ಹೀಗಾಗುತ್ತದೆ ಎಂಬುದು 1921ರಲ್ಲಿ ಖಚಿತವಾಯಿತು.

ಉತ್ತರ 2ರವರಿಂದ ಮತ್ತೆ

ಬಹಳ ಒಳ್ಳೆಯ ಮಾತು ನೆನಪಿಸಿದಿರಿ. ಆ ಕಾಡತೂಸಿನ ಲೋಹವೂ 70 ಭಾಗ ತಾಮ್ರ, 30 ಭಾಗ ಸತುವಿನ ಹಿತ್ತಾಳೆಯೇ. ಟರ್ನಿಂಗ್ ಆದ ಮೇಲೆ ಕೊಳವೆಯನ್ನು 250ರಿಂದ 300 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಆರಲು ಬಿಟ್ಟರೆ ಒಳಗಿನ ಎಳೆತ ಬಹುಪಾಲು ಇಳಿಯುತ್ತದೆ, ಗಡಸುತನ ಉಳಿಯುತ್ತದೆ. ಗ್ಯಾಸ್ ಬತ್ತಿಯಿಂದ ಕೆಂಪಗೆ ಮಾತ್ರ ಕಾಯಿಸಬೇಡಿ, ಕುತ್ತಿಗೆ ಮೆತ್ತಗಾಗಿ ನಟ್ ಬಿಗಿ ಮಾಡುವಾಗಲೇ ಕುಸಿಯುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ಸಂಜೆ ಬೋರಿಗೆ ಡಯಲ್ ಮುಟ್ಟಿಸಿ ನೋಡಿದೆ, ಮುಳ್ಳು 0.11 ಓಲಾಡಿತು. ವಿ-ಬ್ಲಾಕಿನ ಮೇಲೆ ಮೂರು ಏರಿಳಿತಗಳೂ ಸ್ಪಷ್ಟವಾಗಿ ಕಂಡವು. ಇಂದು ಮ್ಯಾಂಡ್ರೆಲ್ ಮಾಡಿ ಮೊದಲ ಕೊಳವೆ ಮುಗಿಸಿದೆ, ಗೋಡೆ 0.79ರಿಂದ 0.81ರ ಒಳಗೆ ನಿಂತಿದೆ, ಕೂಗು ನಿಂತಿದೆ. ಉಳಿದ ಎಂಟನ್ನು ನಾಳೆ ತೆಗೆದುಕೊಳ್ಳುತ್ತೇನೆ. ಕಾಯಿಸುವ ಕೆಲಸಕ್ಕೆ ಪರಿಚಿತರ ಓವನ್ ಕೇಳಿದ್ದೇನೆ.